ಪರ್ಷಿಯನ್ ಮರಿಗಾಗಿ ಬನಶಂಕರಿಗೆ ಮೂರು ಸಲ

ಮೊದಲನೇ ಫೋನಿಗೇ ಪರ್ಷಿಯನ್ ಬೆಕ್ಕಿನ ಮರಿ ಸಿಕ್ಕಿಬಿಡುತ್ತಿತ್ತು. ಹನ್ನೆರಡು ಸಾವಿರ ಅಂದರು. ಮನೆಗೇ ಬಂದು ನೋಡ್ತೀನಿ ಅಂದೆ. "ಮನೆಗೆ ಯಾಕೆ ಮೇಡಂ, ಮೆಟ್ರೋ ಸ್ಟೇಷನ್ ಹತ್ರ ಬನ್ನಿ, ತಂದುಕೊಡ್ತೀನಿ" ಅಂದರು. ಅಲ್ಲಿಗೇ ಬಿಟ್ಟೆ. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬಾರದು ಅಂತ ನಮ್ಮ ಡಾಕ್ಟರ್ ಮೊದಲೇ ಹೇಳಿದ್ದರು.

ಆಮೇಲೆ ಸಿಕ್ಕವರು ಬನಶಂಕರಿಯ ಒಬ್ಬ ಆಂಟಿ. ಮನೆಯಲ್ಲೇ ಬೆಕ್ಕು ಸಾಕುವವರು. ಮೊದಲ ಸಲ ಹೋದಾಗ ಮರಿಗಳಿಗೆ ಏಳು ವಾರ. ನಾನು ಮೊದಲು ನೋಡಿದ್ದು ತಾಯಿಯನ್ನು. ಸೋಫಾ ಮೇಲೆ ಮಲಗಿದ್ದಳು, ಕರೆದರೆ ಹತ್ತಿರ ಬಂದಳು. ಮೂಗು ತೀರಾ ಒಳಗೆ ಹೋಗಿರಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ಜನ 'ಪಂಚ್ ಫೇಸ್' ಅಂತ ಜಾಸ್ತಿ ದುಡ್ಡು ಕೊಡುತ್ತಾರೆ. ಅಷ್ಟು ಚಪ್ಪಟೆ ಮುಖದ ಬೆಕ್ಕು ಉಸಿರಾಡಲು ಒದ್ದಾಡುವುದನ್ನು ಕಂಡಿದ್ದೇನೆ. ನನಗದು ಬೇಡವಾಗಿತ್ತು.

ಕಿವಿ ಕೇಳುತ್ತಾ ಅಂತ ನೋಡಲು ಮರಿಗಳ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿದೆ. ಎರಡು ಮರಿ ಬೆಚ್ಚಿ ತಿರುಗಿದವು. ನೀಲಿ ಕಣ್ಣಿನ ಬಿಳಿ ಮರಿ ತನ್ನ ಪಾಡಿಗೆ ದಾರದ ಜೊತೆ ಆಡುತ್ತಲೇ ಇತ್ತು. ಬಿಳಿ ಮೈ, ನೀಲಿ ಕಣ್ಣು ಇದ್ದರೆ ಕಿವುಡು ಬರುವುದು ಹೆಚ್ಚು. ಆಂಟಿಯ ಮುಖ ಸಣ್ಣದಾಯಿತು. "ಇದನ್ನ ಮಾರಲ್ಲ ಬಿಡಮ್ಮ, ನನ್ನ ಹತ್ರಾನೇ ಇರಲಿ" ಅಂದರು. ಅವರ ಮೇಲೆ ನನಗೆ ನಂಬಿಕೆ ಬಂದಿದ್ದೇ ಆಗ.

ಪರ್ಷಿಯನ್‌ಗಳಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ತುಂಬುವ ಪಿಕೆಡಿ ಕಾಯಿಲೆ ವಂಶದಲ್ಲೇ ಬರುತ್ತದೆ. ತಾಯಿಗೋ ತಂದೆಗೋ ಒಬ್ಬರಿಗಿದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಕಡಿಮೆಯೆಂದರೂ ಅರ್ಧಕ್ಕರ್ಧ. ಎರಡರ ಡಿಎನ್‌ಎ ರಿಪೋರ್ಟನ್ನೂ ಕೇಳಿ ಪಡೆದೆ. ಕೇಳಲು ಸಂಕೋಚ ಪಡಲಿಲ್ಲ.

ಎರಡು ಸಾವಿರ ಅಡ್ವಾನ್ಸ್ ಕೊಟ್ಟು, ಕ್ರೀಮ್ ಬಣ್ಣದ ಹೆಣ್ಣು ಮರಿಯನ್ನು ಹೇಳಿಟ್ಟು ಬಂದೆ. ಹತ್ತನೇ ವಾರ ಮತ್ತೆ ಹೋಗಿ, ಅದು ಮಲಮೂತ್ರಕ್ಕೆ ಇಟ್ಟ ಲಿಟರ್ ಬಾಕ್ಸ್‌ಗೆ ತಾನೇ ಹೋಗುವುದನ್ನು ಕಣ್ಣಾರೆ ನೋಡಿದೆ. ಕರೆತಂದಿದ್ದು ಹದಿಮೂರನೇ ವಾರ, ಎರಡನೇ ಲಸಿಕೆ ಆದಮೇಲೆ. ತಾಯಿ ಜೊತೆ, ಒಡಹುಟ್ಟಿದವರ ಜೊತೆ ಅಷ್ಟು ದಿನ ಇದ್ದ ಮರಿ ಆಟದಲ್ಲಿ ಎಷ್ಟು ಕಚ್ಚಬೇಕು ಅಂತ ಕಲಿತಿರುತ್ತದೆ. ವಂಶಾವಳಿಯ ಪೆಡಿಗ್ರಿ ಪತ್ರದಲ್ಲಿದ್ದ, ಮರಿಯ ಚರ್ಮದಡಿ ಇಟ್ಟ ಮೈಕ್ರೋಚಿಪ್‌ನ 15 ಅಂಕಿಯ ನಂಬರನ್ನು ಮಾರನೇ ದಿನ ಡಾಕ್ಟರ್ ಸ್ಕ್ಯಾನರ್ ಹಿಡಿದು ತಾಳೆ ನೋಡಿದರು. ಸರಿಯಾಗಿತ್ತು.

ಇಷ್ಟೆಲ್ಲ ನೋಡಿದರೂ ಒಂದು ತಪ್ಪಿಹೋಯಿತು. ಐದನೇ ದಿನ ಮರಿಯ ಕಿವಿ ಹಿಂದೆ ಒಂದು ರೂಪಾಯಿಯಷ್ಟಗಲ ಕೂದಲು ಉದುರಿತ್ತು. ಡಾಕ್ಟರ್ ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದರು. ಆ ಜಾಗದ ಕೂದಲು ಹಸಿರಾಗಿ ಹೊಳೆಯಿತು. ಹುಳುಕಡ್ಡಿ. ಉದ್ದ ಕೂದಲಿನ ಬೆಕ್ಕುಗಳಲ್ಲಿ ಹೊರಗೆ ಏನೂ ಕಾಣದೆಯೇ ಅದು ಇರಬಹುದಂತೆ. ಆಂಟಿಗೆ ಫೋನ್ ಮಾಡಿದೆ. ಅವರು ವಾದ ಮಾಡಲಿಲ್ಲ, ಅದೇ ಸಂಜೆ ಉಳಿದ ಬೆಕ್ಕುಗಳನ್ನೆಲ್ಲ ತೋರಿಸಿಕೊಂಡು ಬಂದರು.

ಮಗಳ ಮೊಣಕೈ ಮೇಲೂ ಒಂದು ಕೆಂಪು ಉಂಗುರ ಮೂಡಿತು. ಔಷಧಿ, ವಾರಕ್ಕೆರಡು ಸಲ ಮರಿಗೆ ಸ್ನಾನ, ದಿನಾ ಕೂದಲು ಗುಡಿಸಿ ನೆಲ ಒರೆಸುವುದು, ಹೀಗೇ ಎರಡು ತಿಂಗಳು. ಬಂದ ದಿನದಿಂದಲೇ ಮರಿಯನ್ನು ಬೇರೆ ಕೋಣೆಯಲ್ಲಿಟ್ಟಿದ್ದರಿಂದ ನಮ್ಮ ಹಳೇ ಬೆಕ್ಕು ಗಂಗಿಗೆ ಹರಡಲಿಲ್ಲ. ಪರೀಕ್ಷೆ ಎರಡು ಸಲ ಚೆನ್ನಾಗಿ ಬಂದಮೇಲೆ ಬಾಗಿಲು ತೆಗೆದೆ. ಗಂಗಿ ಹೊಸ್ತಿಲಲ್ಲೇ ಕಾಯುತ್ತಾ ಕೂತಿದ್ದಳು.