ಯೆನಿಚೇರಿ ಪಡೆಯ ಇತಿಹಾಸವನ್ನು ಕನ್ನಡದಲ್ಲಿ ಬರೆದ ನನ್ನ ಅನುಭವ

ಆಟೊಮನ್ ಸುಲ್ತಾನರ ಯೆನಿಚೇರಿ ಕಾಲಾಳು ಪಡೆಯ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಪಾಠವೊಂದನ್ನು ಬರೆಯಲು ಕುಳಿತಾಗ, ಮೊದಲ ಕರಡನ್ನು ಯುದ್ಧಗಳ ಕ್ರಮದಲ್ಲಿ ಜೋಡಿಸಿದ್ದೆ: 1453ರ ಕಾನ್‌ಸ್ಟಾಂಟಿನೋಪಲ್, 1514ರ ಚಾಲ್ದಿರಾನ್, 1526ರ ಮೊಹಾಚ್. ಗೆಲುವುಗಳ ಪಟ್ಟಿ ಸಿದ್ಧವಾಯಿತೇ ಹೊರತು, ಆ ಸೈನಿಕರು ಯಾರ ಮಕ್ಕಳು, ಸುಲ್ತಾನನಿಗೆ ಏಕೆ ನಿಷ್ಠರಾಗಿದ್ದರು ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಬದಿಗಿಟ್ಟು, ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಪದಗಳಿಂದ ಮತ್ತೆ ಆರಂಭಿಸಿದೆ.

ಯೆನಿಚೇರಿ ಎಂದರೆ ಹೊಸ ಸೈನಿಕ. ಅವರು ಸುಲ್ತಾನನ ‘ಕಪಿಕುಲು’, ಅಂದರೆ ಬಾಗಿಲ ದಾಸರು. ಇದಕ್ಕೆ ಹೊಯ್ಸಳ ಶಾಸನಗಳ ‘ಲೆಂಕ’, ಅಂದರೆ ಒಡೆಯನಿಗೆ ನಿಷ್ಠನಾದ ಸೇವಕ, ಎಂಬ ಪದವನ್ನು ಬಳಸಿ ಸಂತೋಷಪಟ್ಟಿದ್ದೆ; ಆದರೆ ಹಳೇಬೀಡಿನ ಸ್ತಂಭಶಾಸನದ ಕುವರಲಕ್ಷ್ಮನಂಥ ಲೆಂಕರು ಒಡೆಯನೊಡನೆ ಸಾಯುವೆವೆಂದು ತಾವೇ ಭಾಷೆ ಕೊಟ್ಟವರು. ಇವರಾದರೋ ‘ದೆವ್ಶಿರ್ಮೆ’ ಎಂಬ ಪದ್ಧತಿಯಂತೆ ಬಾಲ್ಕನ್ ಪ್ರದೇಶದ ಕ್ರೈಸ್ತ ಕುಟುಂಬಗಳಿಂದ ಅಧಿಕಾರಿಗಳು ಆರಿಸಿ ಒಯ್ದ ಹುಡುಗರು. ಇಸ್ಲಾಮಿಗೆ ಮತಾಂತರಗೊಂಡು, ತುರ್ಕಿ ರೈತರ ಮನೆಗಳಲ್ಲಿ ದುಡಿಯುತ್ತ ಭಾಷೆ ಕಲಿತು, ಆಮೇಲೆ ಬ್ಯಾರಕ್ಕು ಸೇರಿದವರು. ಇಬ್ಬರಿಗೂ ಒಂದೇ ಹೆಸರಿಡುವುದು ಆ ಹುಡುಗರ ತಾಯಂದಿರಿಗೆ ಮಾಡುವ ಅನ್ಯಾಯವೆಂದು ತೋರಿ, ‘ಲೆಂಕ’ವನ್ನು ಹೊಡೆದುಹಾಕಿದೆ.

ನನಗೆ ದಾರಿ ತೋರಿದ್ದು ಅವರ ಅಡುಗೆಮನೆಯ ಪದಗಳು. ಇಡೀ ಪಡೆಗೆ ‘ಒಜಾಕ್’ ಎಂದು ಹೆಸರು. ಅದರ ಅರ್ಥ ಒಲೆ. ದಳದ ನಾಯಕ ‘ಚೋರ್ಬಾಜಿ’, ಅಂದರೆ ಸೂಪಿನವನು. ದಳದ ದೊಡ್ಡ ಕೊಪ್ಪರಿಗೆಯನ್ನು ಬಾವುಟದಷ್ಟೇ ಗೌರವದಿಂದ ಕಾಯುತ್ತಿದ್ದರು, ಅದು ಶತ್ರುವಿನ ಪಾಲಾದರೆ ದಳಕ್ಕೇ ಅವಮಾನ. ಅದನ್ನು ಮಗುಚಿದರೆ ಸುಲ್ತಾನನ ಅನ್ನ ಬೇಡವೆಂದು, ಅಂದರೆ ಬಂಡಾಯವೆಂದು ಅರ್ಥ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕೇಳಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಪಡೆಯ ಅವನತಿಯನ್ನು ‘ಭ್ರಷ್ಟರಾದರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ. 1589ರಲ್ಲಿ ಬೆಳ್ಳಿಯ ಅಂಶ ಕುಗ್ಗಿದ ನಾಣ್ಯದಲ್ಲಿ ಸಂಬಳ ಕೊಟ್ಟಾಗ ಅವರು ದಂಗೆಯೆದ್ದುದನ್ನು ಓದಿದ ಮೇಲೆ ಆ ವಾಕ್ಯವನ್ನು ತೆಗೆದೆ. ಮದುವೆಗೆ ಅನುಮತಿ ದೊರೆತು ಸಂಸಾರ ಬೆಳೆದವರು ಅಂಗಡಿ, ಕಸುಬುಗಳನ್ನು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಅವರ ದಂಗೆಗಳಿಂದಾದ, 1622ರಲ್ಲಿ ಸುಲ್ತಾನ ಎರಡನೆಯ ಉಸ್ಮಾನನ ಕೊಲೆಯನ್ನೂ 1807ರಲ್ಲಿ ಸುಲ್ತಾನ ಮೂರನೆಯ ಸಲೀಮನ ಪದಚ್ಯುತಿಯನ್ನೂ ನಾನು ಮೃದುಗೊಳಿಸಲಿಲ್ಲ.

1826ರ ಜೂನ್‌ನಲ್ಲಿ, ಹೊಸ ಕವಾಯತನ್ನು ವಿರೋಧಿಸಿ ಅವರು ಕೊಪ್ಪರಿಗೆಗಳನ್ನು ಇಸ್ತಾಂಬುಲಿನ ಎತ್‌ಮೈದಾನಕ್ಕೆ ಹೊತ್ತು ತಂದರು. ಸುಲ್ತಾನ ಎರಡನೆಯ ಮಹಮೂದನ ಫಿರಂಗಿಗಳು ಅವರ ಬ್ಯಾರಕ್ಕುಗಳನ್ನು ಸುಟ್ಟವು. ಬಳಿಕ ಸ್ಮಶಾನಗಳಲ್ಲಿ ಅವರ ಟೋಪಿಯ ಆಕಾರ ಕೆತ್ತಿದ್ದ ಸಮಾಧಿಕಲ್ಲುಗಳನ್ನೂ ಒಡೆದರು. ನನ್ನ ಪಾಠ ಆ ಕಲ್ಲುಗಳ ಮಾತಿನೊಂದಿಗೆ ಮುಗಿಯುತ್ತದೆ.