ಜೀನ್ಸ್ ಕೌದಿಗೆ ಪ್ರೇರಿ ಪಾಯಿಂಟ್ ಅಂಚು: ನನ್ನ ಅನುಭವ

ಬಳ್ಳಾರಿಯಲ್ಲಿ ಜೀನ್ಸ್ ತುಂಡುಗಳಿಂದ ಕೌದಿ ಹೊಲಿಯುವವರು ನಾನೊಬ್ಬಳೇ ಅಲ್ಲ. ಅದರ ಸುತ್ತ ಪ್ರೇರಿ ಪಾಯಿಂಟ್, ಅಂದರೆ ಚೌಕ ಬಟ್ಟೆ ಮಡಿಸಿ ಮಾಡಿದ ತ್ರಿಕೋನಗಳ ಸಾಲು, ಕೂರಿಸುತ್ತೇನೆ ಅಂದಾಗ ಮಾತ್ರ ಯಾರೂ ನಂಬಲಿಲ್ಲ. "ಒಂದ್ಸಲ ಒಗದ್ರೆ ಸಾಕು, ಎಲ್ಲಾ ನಾಯಿ ಕಿವಿ ಆಗ್ತಾವು ನೋಡವ್ವ" ಅಂದರು ನಮ್ಮ ಓಣಿಯ ದೊಡ್ಡವ್ವ. ನಾನು ಹುಟ್ಟುವ ಮೊದಲೇ ಸೂಜಿ ಹಿಡಿದವರು ಅವರು. ಹೋದ ದಸರಾಕ್ಕೆ ನನ್ನ ಕೌದಿಯನ್ನು ಬಂಡೆಗೆ ಬಡಿದು ಒಗೆದವರೂ ಅವರೇ. ಒಂದು ತ್ರಿಕೋನವೂ ಮಗುಚಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಡಿಸುವ ಮಾತು. ನಾನು ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸುವ ಬಗೆಯನ್ನೇ ಹಿಡಿದಿದ್ದೇನೆ. ಒಂದು ಪಕ್ಕ ಬಾಯಿ ತೆರೆದಿರುತ್ತದೆ, ಅದರೊಳಗೆ ಮುಂದಿನ ತ್ರಿಕೋನವನ್ನು ತೂರಿಸಬಹುದು. ಎಲ್ಲ ಬಾಯಿಗಳೂ ಒಂದೇ ಕಡೆ ಇರಬೇಕು. ಒಂದು ತಿರುಗಿದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಕೈಯಲ್ಲಿ ಜೀನ್ಸ್ ಇತ್ತಲ್ಲ, ಮೊದಲು ತ್ರಿಕೋನವನ್ನೂ ಅದರಲ್ಲೇ ಮಾಡಿ ನೋಡಿದೆ. ಒಂದು ತ್ರಿಕೋನಕ್ಕೆ 4 ಪದರ. ಒಂದರೊಳಗೊಂದು ಸೇರುವ ಕಡೆ 8. ಕೌದಿಯ ಮೇಲ್ಬಟ್ಟೆಯೂ ಸೇರಿದರೆ 9 ಪದರ ಜೀನ್ಸ್! ಅಲ್ಲಿಗೆ ಬಂದ ಕೂಡಲೇ ಮಷೀನು ಟಕ್ ಅಂತ ನಿಲ್ಲುತ್ತಿತ್ತು. 16 ನಂಬರಿನ ಸೂಜಿಗಳು ಮುರಿದವು. ಇನ್ನೂ ದಪ್ಪದ 18ರದ್ದು ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬಿತ್ತು. ಸೂಜಿಗೇ ಇನ್ನೂರು ರೂಪಾಯಿ ಹತ್ತಿರ ಹೋಗಿರಬೇಕು. ಜೀನ್ಸ್ ಯೂನಿಟ್ಟಿನ ದೊಡ್ಡ ಮಷೀನಿನಲ್ಲಿ ಹೊಲಿಸಿದೆ. ಹೊಲಿಗೆ ಕೂತಿತು, ಅಂಚು ಮಾತ್ರ ಬಗ್ಗಲೇ ಇಲ್ಲ. ಹೊದ್ದುಕೊಂಡವರ ಗದ್ದಕ್ಕೆ ಚುಚ್ಚುತ್ತಿತ್ತು.

ಆಮೇಲೆ ಜೀನ್ಸಿನ ಜೇಬಿಗೆ ಹಾಕುವ ತೆಳು ಬಟ್ಟೆ ತಂದೆ. ಅದೂ ಯೂನಿಟ್‌ಗಳಲ್ಲೇ ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿತ್ತು. ಇಸ್ತ್ರಿ ಎತ್ತಿದ ಕೂಡಲೇ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ನಿಂತದ್ದು ಪಕ್ಕಾ ಕಾಟನ್ ಪಾಪ್ಲಿನ್. ಬಿಸಿನೀರಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಚು ಕುಗ್ಗಿ ಕೌದಿಯನ್ನೆಲ್ಲ ಎಳೆಯುತ್ತದೆ.

ಜೀನ್ಸ್ ತುಂಡು ಕೊಳ್ಳುವಾಗಲೂ ಹುಷಾರು. ಕಿಲೋಗೆ 30–40 ರೂಪಾಯಿ ಕೊಟ್ಟು ಒಂದು ಮೂಟೆ ತಂದಿದ್ದೆ. ಕೊಟ್ಟವನು ಮೇಲೊಂದು ಪದರ ಒಳ್ಳೆಯದನ್ನಿಟ್ಟು, ಕೆಳಗೆ ಲೈಕ್ರಾ ಬೆರೆತದ್ದನ್ನು ತುಂಬಿದ್ದ. ಲೈಕ್ರಾ ಜಗ್ಗುತ್ತದೆ. ಅದರ ಮೇಲೆ ಕೂರಿಸಿದ ತ್ರಿಕೋನಗಳು ಒಂದೊಂದು ಒಂದೊಂದು ಕಡೆ ಮುಖ ಮಾಡುತ್ತವೆ. ಈಗ ಪ್ರತಿ ತುಂಡನ್ನೂ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿಯೇ ತೂಕಕ್ಕೆ ಹಾಕಿಸುತ್ತೇನೆ. ನೀಲಿ ಬಣ್ಣ ಬಿಡದಿರಲಿ ಅಂತ ಉಪ್ಪುನೀರಲ್ಲೂ ನೆನೆಸಿ ನೋಡಿದೆ. ಏನೂ ಉಪಯೋಗವಿಲ್ಲ. ನೀರು ತಿಳಿಯಾಗುವ ತನಕ ಜೀನ್ಸನ್ನು ಬೇರೆಯಾಗಿ ಒಗೆಯುವುದೊಂದೇ ದಾರಿ.

ಅಳತೆಗೆ ಬರೋಣ. 3 ಇಂಚಿನ ಚೌಕ ಮಡಿಸಿದರೆ ಬುಡ 3 ಇಂಚು, ಎತ್ತರ ಒಂದೂವರೆ. ಕಾಲು ಇಂಚು ಹೊಲಿಗೆಗೆ ಹೋದರೆ, ಹೊಲಿಗೆಯ ಗೆರೆಯ ಮೇಲೆ ಬುಡ ಎರಡೂವರೆ ಇಂಚೇ ಉಳಿಯುತ್ತದೆ. 60 ಇಂಚಿನ ಬದಿಗೆ 24 ಸಾಕು ಅಂತ ಲೆಕ್ಕ ಹೇಳುತ್ತದೆ. ಲೆಕ್ಕ ಸರಿಯೇ. ಆದರೆ ಹೊಲಿಗೆ ಒಂದು ದಾರದಷ್ಟು ಒಳಗೆ ಸರಿದರೂ ನಡುವೆ ಕಿಂಡಿ ಬೀಳುತ್ತದೆ. ನಾನು 27 ಹಾಕುತ್ತೇನೆ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಎರಡೂಕಾಲು ಇಂಚಿಗೆ ಒಂದು ಕೂದಲೆಳೆ ಕಡಿಮೆ ಬರುತ್ತದೆ. 88 ಇಂಚಿನ ಉದ್ದಕ್ಕೆ 40. ಸುತ್ತ ಎಲ್ಲ ಸೇರಿ 134. 36 ಇಂಚು ಅಗಲದ ಬಟ್ಟೆ ಒಂದೂಕಾಲು ಮೀಟರ್ ತಂದರೆ, ಒಗೆದು ಕುಗ್ಗಿದರೂ ಇಷ್ಟೂ ಸಿಕ್ಕು ಇನ್ನೂ ಮಿಗುತ್ತದೆ. ಒಂದು ತುದಿಯಿಂದ ಶುರು ಮಾಡಿ ಸಾಲಾಗಿ ಇಡುತ್ತಾ ಹೋಗಬೇಡಿ. ಮೊದಲು ಎರಡು ಮೂಲೆ, ಆಮೇಲೆ ನಡು, ಆಮೇಲೆ ಅದರ ಅರ್ಧ. ಹೀಗೆ ಪಿನ್ ಮಾಡಿದರೆ ಹೆಚ್ಚುಕಮ್ಮಿ ಎಲ್ಲ ಕಡೆ ಹಂಚಿಹೋಗುತ್ತದೆ.

ಮಡಿಸಿದ ಪಕ್ಕಗಳು ಓರೆ ಎಳೆಯವು, ಮುಟ್ಟಿದರೆ ಸಾಕು ಹಿಗ್ಗುತ್ತವೆ. ಅದಕ್ಕೆ ಗಂಜಿಯೇ ಮದ್ದು. ಸೋನಾ ಮಸೂರಿ ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ, ಕತ್ತರಿಸುವ ಮೊದಲೇ ಬಟ್ಟೆಗೆ ಹಾಕುತ್ತೇನೆ. ನಮ್ಮೂರ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಗರಿಗರಿ. ಗಂಜಿಗೆ ಇನ್ನೊಂದು ಚಿಟಿಕೆ ಏನೋ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ದೊಡ್ಡವ್ವನಿಗೂ ನನಗೂ ನಿಜವಾಗಿ ಜಟಾಪಟಿ ಆದದ್ದು ಅಂಚು ಬಿಡುವ ವಿಷಯಕ್ಕೆ. ಅವರು ಅಂಚಿನಿಂದ ಹೊಲಿಗೆ ಹಿಡಿದು ಒಳಕ್ಕೆ ಹೋಗುವವರು. ಈ ಕೆಲಸಕ್ಕೆ ಹಿಂದಿನ ಬಟ್ಟೆಯನ್ನು ಮಡಚಿ ದೂರ ಇಡಬೇಕಾದ್ದರಿಂದ ಸುತ್ತ 2 ಇಂಚು ಹೊಲಿಯದೆ ಬಿಡಲೇಬೇಕು. ಹಾಗೆ ಬಿಟ್ಟರೆ ಒಳಗಿನ ಹಳೆ ಸೀರೆಗಳು ಸರಿದು ಮುದ್ದೆಯಾಗುತ್ತವೆ ಅನ್ನುವುದು ಅವರ ವಾದ. ಅವರು ಹೇಳಿದ್ದರಲ್ಲಿ ಹುರುಳಿದೆ. ಅದಕ್ಕೆ ಹಿಂದಿನ ಬಟ್ಟೆ ಬಿಟ್ಟು, ಮೇಲ್ಬಟ್ಟೆಗೂ ಸೀರೆಗಳಿಗೂ ಸುತ್ತಲೂ ದೊಡ್ಡ ಕಚ್ಚಾ ಹೊಲಿಗೆ ಹಾಕಿಟ್ಟುಕೊಳ್ಳುತ್ತೇನೆ, ಕೊನೆಗೆ ಬಿಚ್ಚುತ್ತೇನೆ. ಮೂಲೆಗೆ ಮಡಿಸಿದ ಬಟ್ಟೆ ಇಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ನಾಲ್ಕೂ ಮೂಲೆಗೆ 'ಫುಲಾ' ಅನ್ನುವ ಮಡಿಸಿದ ತುಂಡು ಇಟ್ಟು ಹೊಲಿಯುತ್ತಾರೆ, ಅದಿಲ್ಲದ ಕೌದಿ ಅವರಿಗೆ ಬೋಳು. ಇದನ್ನು ಹೇಳಿದ ಮೇಲೆ ದೊಡ್ಡವ್ವ ಸ್ವಲ್ಪ ಮೆತ್ತಗಾದರು.

ಹಿಂದಿನ ಬಟ್ಟೆಯನ್ನು ಮಡಚಿ ಪಿನ್ ಹಾಕಿ ದೂರ ಇಡಿ. ತ್ರಿಕೋನಗಳ ಮೂತಿ ಕೌದಿಯ ನಡುವಿಗೆ ಇರಲಿ, ಬುಡ ಅಂಚಿಗೆ ಸರಿಯಾಗಿ ಕೂರಲಿ. ಮೊದಲು ಬುಡದ ಹತ್ತಿರ ಒಂದು ಉದ್ದ ಹೊಲಿಗೆ, ಆಮೇಲೆ ಕಾಲು ಇಂಚಿಗೆ ಗಟ್ಟಿ ಹೊಲಿಗೆ. ಪಾಪ್ಲಿನ್ ಆದ್ದರಿಂದ 16ರ ಸೂಜಿ ಸಾಕು. ಒಳಗಿನ ಸೀರೆಗಳನ್ನು ಹೊಲಿಗೆಯ ಗೆರೆಗೆ ಸರಿಯಾಗಿ ಕತ್ತರಿಸಿ. ಈಗ ತ್ರಿಕೋನಗಳನ್ನು ಹೊರಗೆ ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಬುಡವನ್ನು ಒತ್ತುತ್ತಾ ಬನ್ನಿ. ಜೀನ್ಸಿನ ಕಡೆಯಿಂದ, ಅಂಚಿಗೆ ಅಂಟಿದಂತೆ ಇನ್ನೊಂದು ಹೊಲಿಗೆ ಓಡಿಸಿ. ಬಹಳ ಜನ ಬಿಡುವುದು ಇದನ್ನೇ. ಒಳಕ್ಕೆ ಮಡಚಿದ ಬುಡ ಈ ಹೊಲಿಗೆಗೆ ಸಿಕ್ಕಿಬೀಳುತ್ತದೆ. ಆಮೇಲೆ ಎಷ್ಟು ಬಡಿದರೂ ತ್ರಿಕೋನ ಹಿಂದಕ್ಕೆ ಮಗುಚುವುದಿಲ್ಲ. ಹಿಂದಿನ ಬಟ್ಟೆಯನ್ನು ಮಡಚಿ ಕೈಯಲ್ಲೇ ಹೆಮ್ಮಿಂಗ್ ಮಾಡಿ. ಮೂಲೆಯಲ್ಲಿ ಎರಡು ತ್ರಿಕೋನ ಒಂದರ ಮೇಲೊಂದು ಏರದೆ, ಪಕ್ಕಕ್ಕೆ ಪಕ್ಕ ತಾಗಿ ನಿಲ್ಲಬೇಕು. ಅದನ್ನು ನಾನು ಹೇಗೆ ನಿಲ್ಲಿಸುತ್ತೇನೆ ಅನ್ನುವುದನ್ನು ಕಲಿಯಲು ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಬಿಲ್ ಮಷೀನಿನ ಕಾಗದದ ಸುರುಳಿಯ ಮೇಲೆ ಗುರುತು ಹಾಕಿ, ತ್ರಿಕೋನಗಳನ್ನು ಅದಕ್ಕೇ ಹೊಲಿದೂ ನೋಡಿದೆ. ಸಾಲು ಬಹಳ ನೇರ ಬಂತು. ಆದರೆ ಇಸ್ತ್ರಿ ತಾಗಿದ ಕೂಡಲೇ ಕಾಗದ ಕಪ್ಪಗಾಯಿತು, ಹರಿದು ತೆಗೆಯುವಾಗ ಹೊಲಿಗೆಯೂ ಸಡಿಲವಾಯಿತು. ಗುಳೇದಗುಡ್ಡದ ಖಣದಲ್ಲೂ ಒಂದು ಮಾಡಿದ್ದೇನೆ. ನೋಡಲು ಬಹಳ ಚೆಂದ, ಎಳೆ ಮಾತ್ರ ಬೇಗ ಬಿಚ್ಚುತ್ತದೆ. ಬಂಡೆಗೆ ಬಡಿಯುವ ಕೌದಿಗೆ ಅದು ಬೇಡ.

ಸಾದಾ ಜೀನ್ಸ್ ಕೌದಿಗೆ ನನಗೆ 1,200 ಸಿಗುತ್ತಿತ್ತು. ಈ ಅಂಚಿನದಕ್ಕೆ 2,200 ಕೇಳುತ್ತೇನೆ, ಕೊಡುತ್ತಾರೆ. ಜಾಸ್ತಿ ಖರ್ಚು ಬಟ್ಟೆ, ದಾರ ಸೇರಿ ನೂರೈವತ್ತು ದಾಟುವುದಿಲ್ಲ. ಉಳಿದದ್ದೆಲ್ಲ ಎರಡು ದಿನದ ಕೈಕೆಲಸದ ಕೂಲಿ. ಈಗ ತೊಟ್ಟಿಲ ಕೌದಿಗೆ 2 ಇಂಚಿನ ಚೌಕ ಮಡಿಸುತ್ತಿದ್ದೇನೆ. ಹೊಲಿದ ಮೇಲೆ ಮುಕ್ಕಾಲು ಇಂಚು ಎತ್ತರ ಉಳಿಯುತ್ತದೆ, ಕೂಸಿಗೆ ಅಷ್ಟು ಸಾಕು. ಅದರ ಬೆಲೆ ಇನ್ನೂ ಗೊತ್ತು ಮಾಡಿಲ್ಲ.