ಎಂಜಿನ್ ಆಮೇಲೆ, ಮೊದಲು ತಗಡು ಮತ್ತು ಕಾಗದ

ಹಳೆ ಕಾರು ನೋಡೋಕೆ ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಮಾರುವವನಿಗೂ ಇದು ಗೊತ್ತು. ಹಿಂದಿನ ದಿನವೇ ಎಂಜಿನ್ ತೊಳೆಸಿ, ರಬ್ಬರ್ ಪೈಪುಗಳಿಗೆಲ್ಲ ಪಾಲಿಶ್ ಹೊಡೆಸಿ ಇಟ್ಟಿರುತ್ತಾನೆ. ನಾನು ಬಾನೆಟ್ ಕಡೆ ಕೊನೆಗೆ ಹೋಗುತ್ತೇನೆ. ಮೊದಲು ಒಳಗಿನ ಮ್ಯಾಟ್ ಎತ್ತಿ ನೆಲದ ತಗಡು ನೋಡುತ್ತೇನೆ. ಆಮೇಲೆ ಆರ್‌ಸಿ ಕೇಳುತ್ತೇನೆ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದು. ತಗಡು ಕೊಳೆತಿದ್ದರೆ, ಕಾಗದ ಗೋಜಲಾಗಿದ್ದರೆ, ಹವ್ಯಾಸ ಅನ್ನುವುದು ತಲೆನೋವಾಗುತ್ತದೆ.

ನನ್ನ ಬಳಿ ಇರುವುದು 1992ರ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಎಂಜಿನ್, ನಾಲ್ಕು ಗೇರು. 2019ರಲ್ಲಿ ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ ತಂದಿದ್ದು. ಇದಕ್ಕಿಂತ ಮೊದಲು ಒಂದು ಓಮ್ನಿ ಇತ್ತು, ಒಂದು ಪ್ರೀಮಿಯರ್ ಪದ್ಮಿನಿಯ ಮೇಲೂ ಕೈ ಆಡಿಸಿದ್ದೇನೆ. ಪದ್ಮಿನಿ ನೋಡೋಕೆ ಚಂದ, ಸ್ಟೀರಿಂಗ್ ಪಕ್ಕದ ಗೇರು ಹಾಕುವ ಮಜಾನೇ ಬೇರೆ. ಆದರೆ ಸ್ಪೇರ್ಸ್ ಹುಡುಕುವುದರಲ್ಲೇ ಭಾನುವಾರಗಳು ಮುಗಿದುಹೋಗುತ್ತವೆ. ಮೊದಲ ಸಲ ಹಳೆ ಗಾಡಿ ಕೊಳ್ಳುವವರು ಕೇಳಿದರೆ ನಾನು ಹೇಳುವುದು 800.

ಕಾರಣ ಸರಳ. 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿವರೆಗೆ ಈ ಗಾಡಿ ತಯಾರಾಯಿತು. ಬೆಂಗಳೂರು ಸೇರಿ 13 ನಗರಗಳಲ್ಲಿ 2010ಕ್ಕೇ ಮಾರಾಟ ನಿಂತಿತ್ತು, ಬಿಎಸ್ 4 ಅನ್ನುವ ಹೊಗೆ ನಿಯಮ ಬಂದಿದ್ದರಿಂದ. ದೇಶದಲ್ಲಿ 25 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿದೆ. ಅದರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೆ ಬಂತು. ಹಾಗಾಗಿ ಎಂಜಿನ್ನಿನ ಒಳಗಿನ ಸಾಮಾನು ಇವತ್ತಿಗೂ ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಒಂದು ಎಚ್ಚರ: 2000ದ ಸುಮಾರಿಗೆ ಬಂದ ಐದು ಗೇರಿನ 800ರ ಎಂಜಿನ್ ಬೇರೆ. ಅದರಲ್ಲಿ ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವ್, ಹಳೆಯದರಲ್ಲಿ ಎರಡೇ. ಅಂಗಡಿಯಲ್ಲಿ ಸುಮ್ನೆ 'ಎಂಟುನೂರರದ್ದು ಕೊಡಿ' ಅಂದರೆ ಯಾವುದೋ ಒಂದು ಕೈಗೆ ಬರುತ್ತದೆ.

ಈಗ ತಗಡಿನ ವಿಷಯ. ಓಡೋಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇದೆ ಅನ್ನುವುದಕ್ಕಿಂತ ಗಾಡಿ ಇಷ್ಟು ವರ್ಷ ಯಾವ ಊರಲ್ಲಿ ನಿಂತಿತ್ತು ಅನ್ನುವುದು ನನಗೆ ಮುಖ್ಯ. ಮಂಗಳೂರು, ಉಡುಪಿ ಕಡೆಯ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ನಾನು ಹತ್ತು ಸಲ ಯೋಚನೆ ಮಾಡುತ್ತೇನೆ. ಉಪ್ಪಿನ ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆಯದ್ದರಲ್ಲಿ ಉಪ್ಪಿಲ್ಲ, ಆದರೆ ತಗಡು ಒಣಗುವುದೇ ಇಲ್ಲ. ಬಳ್ಳಾರಿ, ಚಿತ್ರದುರ್ಗ, ವಿಜಯಪುರದ ಗಾಡಿಗಳಲ್ಲಿ ಬಣ್ಣ ಬಿಸಿಲಿಗೆ ಸುಟ್ಟಿರುತ್ತದೆ, ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ರಬ್ಬರ್ ಬೀಡಿಂಗ್ ಒಣಗಿ ಮುರಿಯುತ್ತದೆ. ನೋಡಿದವರು ಮುಖ ಸಿಂಡರಿಸುತ್ತಾರೆ. ನನಗೆ ಅಂಥದ್ದೇ ಬೇಕು. ತಗಡು ಗಟ್ಟಿ ಇರುತ್ತದೆ.

800ರಲ್ಲಿ ತುಕ್ಕು ಎಲ್ಲಿ ಅಡಗಿರುತ್ತದೆ ಅನ್ನುವುದು ಹೆಚ್ಚು ಕಡಿಮೆ ಎಲ್ಲ ಗಾಡಿಯಲ್ಲೂ ಒಂದೇ. ಬ್ಯಾಟರಿ ಕೂರುವ ಜಾಗದ ಕೆಳಗೆ, ಆಸಿಡ್ ಸೋರಿ. ಕಾಲಿಡುವ ನೆಲದಲ್ಲಿ, ಒದ್ದೆ ಮ್ಯಾಟಿನ ಅಡಿಯಲ್ಲಿ. ಬಾಗಿಲಿನ ಕೆಳ ಅಂಚಿನಲ್ಲಿ, ನೀರು ಹೊರಹೋಗುವ ತೂತು ಮಣ್ಣು ಕಟ್ಟಿಕೊಂಡಾಗ. ಮುಂದಿನ ಗಾಜಿನ ಬೀಡಿಂಗ್ ಒಳಗಡೆ, ಇದು ಗಾಜು ತೆಗೆಯುವವರೆಗೆ ಕಾಣುವುದೇ ಇಲ್ಲ. ಬೀಡಿಂಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಕೆಟ್ಟಿದೆ ಅಂತಲೇ ಲೆಕ್ಕ. ಎಲ್ಲಕ್ಕಿಂತ ಮುಖ್ಯ, ಮುಂದಿನ ಸಸ್ಪೆನ್ಷನ್ ಮೇಲ್ಭಾಗ ಬಾಡಿಗೆ ಕೂರುವ ಜಾಗ ಮತ್ತು ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡ್. ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಲ್ಲಿ ತುಕ್ಕು ಹಿಡಿದಿದ್ದರೆ ಬಾಗಿಲ ಬಳಿ ತೂತು ಬಿದ್ದಂತೆ ಅಲ್ಲ, ಗಾಡಿಯ ಬೆನ್ನುಮೂಳೆಯೇ ಹೋದಂತೆ.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿರುತ್ತೇನೆ. ತಗಡಿಗೆ ಹಿಡಿಯುತ್ತದೆ, ತೂತು ತಗ್ಗು ಮುಚ್ಚಲು ಮೆತ್ತುವ ಪುಟ್ಟಿ ಮೇಲೆ ಜಾರುತ್ತದೆ. ಫೆಂಡರಿನಲ್ಲಿ ಸ್ವಲ್ಪ ಪುಟ್ಟಿ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ನಮ್ಮ ರಸ್ತೆಯಲ್ಲಿ ಮೂವತ್ತು ವರ್ಷ ಓಡಿದ ಗಾಡಿ ಅಲ್ವಾ. ರನ್ನಿಂಗ್ ಬೋರ್ಡಿನಲ್ಲಿ ಜಾರಿದರೆ ಮಾತ್ರ ನಮಸ್ಕಾರ ಹೇಳಿ ಬರುತ್ತೇನೆ.

ಚಿತ್ರದುರ್ಗದ ಗಾಡಿ ಒಬ್ಬ ನಿವೃತ್ತ ಮೇಷ್ಟ್ರದ್ದು. ಮೊದಲಿನಿಂದಲೂ ಅವರ ಹೆಸರಿನಲ್ಲೇ ಇತ್ತು. ತಗಡು ಕಲ್ಲಿನ ಹಾಗಿತ್ತು. ಆದರೆ ನಿಂತಲ್ಲಿ ಎಂಜಿನ್ ನಡುಗುತ್ತಿತ್ತು, ಚಿಕ್ಕಜಾಜೂರಿನ ಕಡೆ ಒಂದು ಏರು ಹತ್ತಿಸಿದರೆ ಮೂರನೇ ಗೇರಿನಲ್ಲಿ ಉಸಿರು ಕಟ್ಟಿತು. 'ನೋಡಪ್ಪಾ, ಮೆಕ್ಯಾನಿಕ್ ರಿಬೋರ್ ಆಗಬೇಕು ಅಂದಿದ್ದಾನೆ. ಮುಚ್ಚಿಟ್ಟು ಮಾರಲ್ಲ ನಾನು' ಅಂದರು. ರಿಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕುವ ದೊಡ್ಡ ಕೆಲಸ. 'ಸರಿ ಮೇಷ್ಟ್ರೇ, ಪ್ಲಗ್ ಬಿಚ್ಚಿ ಒಂದು ಸಲ ನೋಡ್ಲಾ?' ಅಂದೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಅನ್ನುವ ಸಣ್ಣ ಮೀಟರ್ ಈ ಹವ್ಯಾಸದವರ ಬಳಿ ಇರಲೇಬೇಕು. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ವೈರ್ ಬಿಡಿಸಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಗೇಜ್ ಎಷ್ಟು ತೋರಿಸುತ್ತದೆ ಅನ್ನುವುದಕ್ಕಿಂತ ಮೂರು ಸಿಲಿಂಡರಿನ ನಡುವಿನ ವ್ಯತ್ಯಾಸ ಮುಖ್ಯ. ಮೇಷ್ಟ್ರ ಗಾಡಿಯಲ್ಲಿ ಎರಡು ಚೆನ್ನಾಗಿದ್ದವು, ಒಂದು ತೀರಾ ಕಡಿಮೆ. ಆ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಈ ಆಯಿಲ್ ಸಂದಿ ತುಂಬುತ್ತದೆ, ಒತ್ತಡ ಏರುತ್ತದೆ. ಇಲ್ಲಿ ಏರಲಿಲ್ಲ. ಅಂದರೆ ರಿಂಗ್ ಸರಿ ಇದೆ, ಗಾಳಿ ವಾಲ್ವಿನಿಂದಲೋ ಎಂಜಿನ್ನಿನ ಮೇಲ್ಭಾಗದ (ಹೆಡ್) ಅಡಿಯ ಗ್ಯಾಸ್ಕೆಟ್‌ನಿಂದಲೋ ಸೋರುತ್ತಿದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕಾಫಿಯ ಬಣ್ಣದ ಜಿಡ್ಡೂ ಇರಲಿಲ್ಲ. ಹಾಗಾದರೆ ಗ್ಯಾಸ್ಕೆಟ್ ಅಲ್ಲ, ವಾಲ್ವ್. ರಿಬೋರ್ ಬೇಡ, ಹೆಡ್ ಇಳಿಸಿದರೆ ಸಾಕು. ಇದನ್ನು ಮೇಷ್ಟ್ರಿಗೂ ಹೇಳಿದೆ. ಅವರು ರೇಟು ಏರಿಸಲಿಲ್ಲ, ನಾನೂ ಚೌಕಾಸಿ ಮಾಡಲಿಲ್ಲ.

ಕಾಗದಕ್ಕೆ ಬರೋಣ. ಹಳೆ ಗಾಡಿಯ ಆರ್‌ಸಿ ಕೈಬರಹದ ಪುಸ್ತಕವಾಗಿರುತ್ತದೆ. ಆ ವಿವರ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಬಂದಿದೆಯಾ, ಎಂಜಿನ್ ನಂಬರಿನ ಒಂದೊಂದು ಅಂಕಿಯೂ ಸರಿ ಇದೆಯಾ ನೋಡಬೇಕು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸುತ್ತೇನೆ. ಇನ್ನೊಂದು ಕಾಟ ಸಾಲದ ನಮೂದು. ಸಾಲ ಯಾವತ್ತೋ ತೀರಿರುತ್ತದೆ, ಆದರೆ ಆರ್‌ಸಿಯಿಂದ ತೆಗೆಸಿರುವುದಿಲ್ಲ. ಅದನ್ನು ತೆಗೆಸಲು ಫಾರಂ 35ಕ್ಕೆ ಸಾಲ ಕೊಟ್ಟವರ ಸಹಿ ಬೇಕು. ಆ ಫೈನಾನ್ಸ್ ಕಂಪನಿ ಬಾಗಿಲು ಹಾಕಿದ್ದರೆ ಸಹಿ ಮಾಡುವವರು ಯಾರು? ಮಾರುವವನೇ ಅದನ್ನು ಬಗೆಹರಿಸಿ ಕೊಡದಿದ್ದರೆ ನಾನು ಮುಂಗಡ ಕೊಡುವುದಿಲ್ಲ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಅವತ್ತೇ ಸಹಿ ಹಾಕಿಸಿಕೊಳ್ಳುತ್ತೇನೆ.

ಖರ್ಚಿನ ಲೆಕ್ಕದಲ್ಲಿ ಜನ ಮರೆಯುವುದು ನೋಂದಣಿ ನವೀಕರಣ. ಖಾಸಗಿ ಕಾರಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಫಾರಂ 25 ಹಾಕಿ ಗಾಡಿ ತೋರಿಸಬೇಕು. ನಮ್ಮ ಕಡೆ ಇದಕ್ಕೆ ಎಫ್‌ಸಿ ಮಾಡಿಸೋದು ಅಂತಲೇ ಹೇಳುವುದು. 2022ರ ಏಪ್ರಿಲ್‌ವರೆಗೆ ಇದರ ಶುಲ್ಕ 600 ರೂಪಾಯಿ ಇತ್ತು. ಆಮೇಲೆ 5,000 ಆಯಿತು. ನನ್ನ ಗಾಡಿಯ ಸರದಿ ಅದೇ ವರ್ಷ ಜೂನ್‌ನಲ್ಲಿ ಬಂತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಇದರ ಮೇಲೆ ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ್ದರೆ ವಿಂಟೇಜ್ ಅಂತ ಬೇರೆ ನೋಂದಣಿ ಸಿಗುತ್ತದೆ, 2021ರಿಂದ ಆ ನಿಯಮ ಇದೆ. ನಮ್ಮ 800ಗಳು ಈ ಎರಡರ ನಡುವೆ ಸಿಕ್ಕಿಕೊಂಡಿವೆ. ಸರ್ಕಾರಕ್ಕೆ ಇದು ಪರಂಪರೆಯೂ ಅಲ್ಲ, ಒಳ್ಳೆ ಗಾಡಿಯೂ ಅಲ್ಲ.

ಹೆಡ್ ಕೆಲಸ ನಮ್ಮ ಗ್ಯಾರೇಜಿನ ಸಾಬ್ರ ಜೊತೆ ಕೂತು ಮಾಡಿದೆ. ಬಿಚ್ಚಿದಾಗ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಚಿಕ್ಕ ಕಚ್ಚು ಬಿದ್ದಿತ್ತು. ವಾಲ್ವ್, ಸೀಲ್, ಗ್ಯಾಸ್ಕೆಟ್ ಕಿಟ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ. ಅಲ್ಲಿ ಹೋಗುವಾಗ ಹಳೆ ಸಾಮಾನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಒರಿಜಿನಲ್ ಬೇಕಾ, ಲೋಕಲ್ ಸಾಕಾ ಅಂತ ಕೇಳಿ ಏನೋ ಕೊಡುತ್ತಾರೆ. ಹೆಡ್‌ನ ತಳ ಸಮ ಮಾಡಿಸಿದ್ದು, ವಾಲ್ವ್ ಸೀಟು ಕೂರಿಸಿದ್ದು ಲೇತ್‌ನಲ್ಲಿ. ಉಳಿದದ್ದು ನಾವೇ. ಹೆಡ್ ಬೋಲ್ಟುಗಳನ್ನು ಮಧ್ಯದಿಂದ ಹೊರಗಡೆಗೆ, ಹಂತ ಹಂತವಾಗಿ, ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಬೇಕು. 'ನನ್ನ ಕೈಯೇ ಟಾರ್ಕ್ ರೆಂಚು' ಅಂದರು ಸಾಬ್ರು. ಇರಬಹುದು, ಆದರೆ ಅಲ್ಯೂಮಿನಿಯಂ ಹೆಡ್ ಮೇಲೆ ನಾನು ಪಂದ್ಯ ಕಟ್ಟುವುದಿಲ್ಲ.

ಅವರ ಜೊತೆ ಇನ್ನೊಂದು ಜಗಳ ಥರ್ಮೋಸ್ಟಾಟ್‌ದು. ಎಂಜಿನ್ ಬಿಸಿ ಆಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಸಣ್ಣ ವಾಲ್ವ್ ಅದು. ನಮ್ಮ ಸೆಕೆಗೆ ಅದು ಯಾಕೆ ಬೇಕು ಅಂತ ಕಿತ್ತು ಬಿಸಾಕುವುದು ಗ್ಯಾರೇಜುಗಳ ಹಳೆ ಅಭ್ಯಾಸ. ಮೇಷ್ಟ್ರ ಗಾಡಿಯಲ್ಲೂ ಇರಲಿಲ್ಲ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿ ಆಗುವುದೇ ಇಲ್ಲ. ಪೆಟ್ರೋಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಜೊತೆ ಸೇರುತ್ತದೆ, ಎಂಜಿನ್ ಬೇಗ ಸವೆಯುತ್ತದೆ, ಮೈಲೇಜೂ ಹೋಗುತ್ತದೆ. ಹೊಸದು ಹಾಕಿಸಿದೆ. ನಲ್ಲಿ ನೀರಿನ ಬದಲು ಕೂಲಂಟ್ ತುಂಬಿಸಿದೆ.

ಮಾಡಿಫಿಕೇಶನ್ ಅಂದಾಗ ಹುಡುಗರ ಮನಸ್ಸಿಗೆ ಬರುವುದು ಅಗಲ ಟೈರು, ದಪ್ಪ ಸೈಲೆನ್ಸರ್. ಕಾನೂನು ಅದಕ್ಕೆ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಕಾನೂನು ಬಿಟ್ಟಿದ್ದರೂ ನಾನು ಅಗಲ ಟೈರು ಹಾಕುತ್ತಿರಲಿಲ್ಲ. ಪವರ್ ಸ್ಟೀರಿಂಗ್ ಇಲ್ಲದ, ಅಷ್ಟು ಹಗುರ ಗಾಡಿಗೆ 12 ಇಂಚಿನ ಚಕ್ರವೇ ಸರಿ. ಅಗಲ ಮಾಡಿದರೆ ಸ್ಟೀರಿಂಗ್ ಭಾರ, ವೀಲ್ ಬೇರಿಂಗಿಗೆ ಹೊರೆ, ತಿರುವಿನಲ್ಲಿ ಉಜ್ಜುವ ಸದ್ದು.

ನಾನು ಮಾಡಿದ ಬದಲಾವಣೆಗಳು ಹೊರಗೆ ಕಾಣುವುದೇ ಇಲ್ಲ. ಅದರಲ್ಲಿ ದುಡ್ಡಿಗೆ ಮೀರಿ ಫಲ ಕೊಟ್ಟಿದ್ದು ಹೆಡ್‌ಲೈಟಿನ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಹಳೆ ಗಾಡಿಯಲ್ಲಿ ಹೆಡ್‌ಲೈಟಿನ ಕರೆಂಟ್ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ, ಅಲ್ಲಿನ ಸ್ವಿಚ್ ದಾಟಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಮೂವತ್ತು ವರ್ಷದ ತೆಳು ವೈರು, ಸವೆದ ಸ್ವಿಚ್ಚು. ದಾರಿಯಲ್ಲೇ ಒಂದೆರಡು ವೋಲ್ಟ್ ಕಳೆದುಹೋಗುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. ಜನ ಅದಕ್ಕೆ 100 ವ್ಯಾಟಿನ ಬಲ್ಬ್ ಹಾಕುತ್ತಾರೆ. ಆಗ ಸ್ವಿಚ್ಚೇ ಕರಗುತ್ತದೆ. ನಾನು ಬ್ಯಾಟರಿಯಿಂದ ದಪ್ಪ ವೈರು ಎಳೆದು, ಫ್ಯೂಸ್ ಹಾಕಿ, ಹೈ ಬೀಮ್ ಲೋ ಬೀಮ್‌ಗೆ ಒಂದೊಂದು ರಿಲೇ ಕೂರಿಸಿದೆ. ಹಳೆ ಸ್ವಿಚ್ ಈಗ ರಿಲೇ ಎಳೆಯುವ ಕೆಲಸ ಮಾತ್ರ ಮಾಡುತ್ತದೆ. ಬಲ್ಬ್ ಅದೇ 60/55 ವ್ಯಾಟು. ಆಗುಂಬೆ ಘಾಟಿಯನ್ನು ಮಳೆಗಾಲದ ಸಂಜೆ ಇಳಿಯುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಅನ್ನುವ ಸಣ್ಣ ಸ್ವಿಚ್ಚು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದು. ಪಾಯಿಂಟ್ ಉಜ್ಜಿ ಗ್ಯಾಪ್ ಇಡುವ ಕೆಲಸ ತಪ್ಪಿತು. ತೆಗೆದ ಪಾಯಿಂಟ್ ಮತ್ತು ಕಂಡೆನ್ಸರ್ ಮಾತ್ರ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಎಲೆಕ್ಟ್ರಾನಿಕ್ ಸಾಮಾನು ಕೆಟ್ಟರೆ ನಡುದಾರಿಯಲ್ಲಿ ರಿಪೇರಿ ಆಗುವುದಿಲ್ಲ, ಪಾಯಿಂಟ್ ಆಗುತ್ತದೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ. ಅದು ಗಾಳಿಯ ತೇವ ಹೀರುತ್ತದೆ, ಒಳಗಿಂದ ಸಿಲಿಂಡರ್ ತುಕ್ಕು ಹಿಡಿಸುತ್ತದೆ, ಘಾಟಿಯಲ್ಲಿ ಬಿಸಿಯಾದಾಗ ಆ ನೀರು ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಈ ವಿಷಯದಲ್ಲಿ ಉಳಿತಾಯ ಮಾಡುವವರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಇತ್ತೀಚಿನ ದೊಡ್ಡ ಚಿಂತೆ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಉರಿಯಲು ಗಾಳಿಯೂ ಕಡಿಮೆ ಸಾಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ನೋಡಿಕೊಂಡು ಇಂಧನ ಜಾಸ್ತಿ ಬಿಡುತ್ತದೆ. ಕಾರ್ಬೊರೇಟರಿಗೆ ಬುದ್ಧಿ ಇಲ್ಲ. ಹಾಗಾಗಿ ಮಿಶ್ರಣ ತೆಳುವಾಗಿ ಎಂಜಿನ್ ಎಳೆಯುವಾಗ ಜರ್ಕ್ ಹೊಡೆಯುತ್ತದೆ. ನಾನು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತಿನ ಮೇನ್ ಜೆಟ್ ಒಂದು ಹಂತ ದೊಡ್ಡದು ಹಾಕಿ, ಐಡಲ್ ಸ್ಕ್ರೂವನ್ನು ಎಮಿಷನ್ ಸೆಂಟರಿನ ಮೀಟರ್ ನೋಡಿಕೊಂಡು ಹೊಂದಿಸಿದೆ. ಇಷ್ಟು ಹಳೆ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3, ಹಾಗಾಗಿ ಸ್ವಲ್ಪ ಗಟ್ಟಿ ಮಿಶ್ರಣ ಇಡಲು ಜಾಗ ಇದೆ.

ಎಥನಾಲ್ ಹಳೆ ರಬ್ಬರನ್ನೂ ತಿನ್ನುತ್ತದೆ. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಕಾರ್ಬೊರೇಟರಿಗೆ ಬರುವ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ರಬ್ಬರಿನದಕ್ಕೆ ಬದಲಿಸಿದೆ. ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಸೋರಿದರೆ ಆಗುವುದು ಬೆಂಕಿ, ಅದಕ್ಕೇ ಇದು ಮೊದಲ ಕೆಲಸ. ಎಥನಾಲ್ ತೇವವನ್ನೂ ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ತಗಡಿನ ಟ್ಯಾಂಕ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಡಿ ಜಾಸ್ತಿ ಹೊರಗೆ ತೆಗೆಯುವುದಿಲ್ಲ, ಆಗ ಟ್ಯಾಂಕ್ ತುಂಬಿಸಿ ಇಡುತ್ತೇನೆ. ಒಳಗೆ ಗಾಳಿಗೆ ಜಾಗ ಕಡಿಮೆ ಇದ್ದಷ್ಟೂ ತೇವ ಕಡಿಮೆ. ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿದ್ದೇನೆ. ಅದರೊಳಗೆ ಕಂದು ಪುಡಿ ಕಾಣಿಸಿಕೊಂಡರೆ ಟ್ಯಾಂಕ್ ಇಳಿಸುವ ಹೊತ್ತು ಬಂತು ಅಂತ. 2027ರ ಎಫ್‌ಸಿಗೆ ಮೊದಲು ಹೇಗೂ ಒಂದು ಸಲ ಇಳಿಸಿ ತೊಳೆಯಬೇಕು ಅಂತ ಸಾಬ್ರಿಗೆ ಹೇಳಿಟ್ಟಿದ್ದೇನೆ.